ಸಿಸಿ ಹೆಚ್ಚಿಸದೆ ಎಳೆತ ಹೆಚ್ಚಿಸುವುದು ಹೇಗೆ? ಜಿಪ್ಸಿಯ 1.3 ಎಂಜಿನ್ ಕಟ್ಟುವ ಕ್ರಮ

“ಹೈವೇಯಲ್ಲಿ ಚೆನ್ನಾಗಿ ಓಡುತ್ತೆ. ಆದರೆ ತೋಟದ ಏರು ಹತ್ತುವಾಗ ದಮ್ಮೇ ಇಲ್ಲ. ಎಂಜಿನ್ ಬೋರ್ ಮಾಡಿಸಿ ಸಿಸಿ ಜಾಸ್ತಿ ಮಾಡಲಾ?” ಮಾರುತಿ ಜಿಪ್ಸಿ ಇಟ್ಟುಕೊಂಡವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೆ ಫೋನಿನಲ್ಲಿ ಅರ್ಧ ಅರ್ಧ ಹೇಳುವ ಬದಲು, ಪೂರ್ತಿ ಕ್ರಮವನ್ನು ಒಂದೇ ಕಡೆ ಬರೆಯುತ್ತಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ಜಿಪ್ಸಿ ಕಿಂಗ್‌ನ 16 ವಾಲ್ವಿನ (ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲುಗಳು) ಜಿ13ಬಿಬಿ ಎಂಜಿನ್. ಆದರೆ ಇಲ್ಲಿರುವ ಲೆಕ್ಕ ಯಾವ ಪೆಟ್ರೋಲ್ ಎಂಜಿನ್ನಿಗೂ ಹೊಂದುತ್ತದೆ.

ಈ ಎಳೆತದ ಮೂಲ ಟಾರ್ಕ್, ಮೊದಲು ಅದೇನು ನೋಡೋಣ. ಕ್ರ್ಯಾಂಕನ್ನು, ಅಂದರೆ ಪಿಸ್ಟನ್ನುಗಳ ಓಡಾಟದಿಂದ ತಿರುಗುವ ದಂಡವನ್ನು, ತಿರುಗಿಸುವ ಬಲವೇ ಟಾರ್ಕ್. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 10 ಕೆಜಿ ಭಾರ ನೇತುಹಾಕಿದರೆ ನಟ್ಟಿನ ಮೇಲೆ ಬೀಳುವ ತಿರುಚು ಹತ್ತಿರ ಹತ್ತಿರ 100 ನ್ಯೂಟನ್ ಮೀಟರ್. ಜಿಪ್ಸಿಯ ಎಂಜಿನ್ 1298 ಸಿಸಿಯದು. ಅದು 4500 ಆರ್‌ಪಿಎಂನಲ್ಲಿ 103 ನ್ಯೂಟನ್ ಮೀಟರ್ ಕೊಡುತ್ತದೆ. 103ನ್ನು 1.298 ಲೀಟರಿನಿಂದ ಭಾಗಿಸಿ. ಲೀಟರಿಗೆ 79 ಬರುತ್ತದೆ. ನಾವು ಹೆಚ್ಚಿಸಬೇಕಾಗಿರುವುದು ಈ 79ನ್ನು, 1298ನ್ನಲ್ಲ.

ಇದು ಸಾಧ್ಯವೇ? ಮಾರುತಿಯದ್ದೇ ಜಿಮ್ನಿ ನೋಡಿ. ಅದರ ಬೋರ್, ಅಂದರೆ ಸಿಲಿಂಡರಿನ ಅಗಲ, ಜಿಪ್ಸಿಯಷ್ಟೇ: 74 ಮಿಮೀ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, 75.5ರ ಬದಲು 85 ಮಿಮೀ. 1462 ಸಿಸಿಗೆ 134 ನ್ಯೂಟನ್ ಮೀಟರ್, ಅದೂ 4000 ಆರ್‌ಪಿಎಂನಲ್ಲಿ. ಲೀಟರಿಗೆ ಸುಮಾರು 92. ಜಿಪ್ಸಿಯ 79ರ ಲೆಕ್ಕದಲ್ಲೇ ಆಗಿದ್ದರೆ ಅದು 116 ಕೊಡಬೇಕಿತ್ತು. ಉಳಿದ 18 ಎಲ್ಲಿಂದ ಬಂತು? ಸಿಲಿಂಡರಿಗೆ ಗಾಳಿ ಚೆನ್ನಾಗಿ ತುಂಬಿದ್ದರಿಂದ, ತುಂಬಿದ್ದು ಚೆನ್ನಾಗಿ ಉರಿದಿದ್ದರಿಂದ, ಉರಿದ ಒತ್ತಡ ಸೋರದೆ ಉಳಿದಿದ್ದರಿಂದ, ತಿಕ್ಕಾಟದಲ್ಲಿ ಕಡಿಮೆ ಕಳೆದುಹೋಗಿದ್ದರಿಂದ. ನಮ್ಮ ಕೆಲಸವೂ ಈ ನಾಲ್ಕೇ.

ಇಲ್ಲೊಂದು ತಪ್ಪು ನಂಬಿಕೆ ತೆಗೆದುಹಾಕಬೇಕು. “ಲಾಂಗ್ ಸ್ಟ್ರೋಕ್ ಎಂಜಿನ್ನಿಗೆ ಟಾರ್ಕ್ ಜಾಸ್ತಿ” ಅನ್ನುತ್ತಾರೆ. ಸಿಸಿ ಒಂದೇ ಇದ್ದು ಒಳಗಿನ ಸರಾಸರಿ ಒತ್ತಡವೂ ಒಂದೇ ಇದ್ದರೆ ಟಾರ್ಕ್ ಒಂದೇ. ಸ್ಟ್ರೋಕ್ ಉದ್ದವಾದಂತೆ ಪಿಸ್ಟನ್ನಿನ ಮೈ ಸಣ್ಣದಾಗುತ್ತದೆ. ಒಂದರ ಲಾಭವನ್ನು ಇನ್ನೊಂದು ತಿನ್ನುತ್ತದೆ. ಹೋಂಡಾ ಸಿಬಿ350 ಬೈಕಿನ ಬೋರ್ 70, ಸ್ಟ್ರೋಕ್ 90.5. ಅದು 348 ಸಿಸಿಗೆ 30 ನ್ಯೂಟನ್ ಮೀಟರ್ ಕೊಡುತ್ತದೆ. ಹಳೆಯ ಕೆಟಿಎಂ 390 ಬೈಕಿನದು ಅಗಲ ಬೋರ್ 89, ಗಿಡ್ಡ ಸ್ಟ್ರೋಕ್ 60. ಅದು 373 ಸಿಸಿಗೆ 37 ಕೊಡುತ್ತದೆ. ಲೀಟರ್ ಲೆಕ್ಕದಲ್ಲಿ ಗಿಡ್ಡ ಸ್ಟ್ರೋಕಿನದೇ ಮುಂದೆ! ಆದರೆ ಹೋಂಡಾ ತನ್ನದನ್ನು 3000 ಆರ್‌ಪಿಎಂನಲ್ಲೇ ಕೊಡುತ್ತದೆ, ಕೆಟಿಎಂ 7000ದಲ್ಲಿ. ಏರು ಹತ್ತುವವರಿಗೆ ಬೇಕಾದದ್ದು ಯಾವುದು ಅಂತ ಬೇರೆ ಹೇಳಬೇಕಿಲ್ಲ. ಹಾಗಾಗಿ ಎಷ್ಟು ಅಂತ ಕೇಳುವಾಗ ಎಲ್ಲಿ ಅಂತಲೂ ಕೇಳಿ.

ನಮ್ಮ ಗುರಿ ಲೀಟರಿಗೆ 85ರಿಂದ 88, ಅಂದರೆ 110ರಿಂದ 114 ನ್ಯೂಟನ್ ಮೀಟರ್. ಅದಕ್ಕಿಂತ ಮುಖ್ಯವಾಗಿ 2000ದಿಂದ 3500ರ ಮಧ್ಯೆ ತುಂಬಿದ ಎಳೆತ. ಟರ್ಬೊ ಇಲ್ಲದ ಇಂಥ ಎಂಜಿನ್ನಿನಿಂದ ಇದರ ಎರಡರಷ್ಟು ಕೊಡಿಸುತ್ತೇನೆ ಅನ್ನುವವರ ಮಾತು ನಂಬಬೇಡಿ.

ಕಾನೂನಿನ ಮಾತು ಒಂದು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಸಿಸಿ ಹಾಗೆಯೇ ಇಟ್ಟುಕೊಂಡು ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣ. ಗಾಡಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆ ಶುದ್ಧ ಮಾಡುವ ಡಬ್ಬ ಇದ್ದರೆ ಕಿತ್ತುಹಾಕಬೇಡಿ. ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತೀರಿ.

ಏನೇನು ಬೇಕು

ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಮೊದಲು. ಅದಿಲ್ಲದೆ ಒಂದು ಬೋಲ್ಟೂ ಬಿಚ್ಚಬೇಡಿ. ಆಮೇಲೆ ಟಾರ್ಕ್ ರೆಂಚ್, ಫೀಲರ್ ಗೇಜ್, ವರ್ನಿಯರ್, ಡಯಲ್ ಗೇಜ್, ಕಂಪ್ರೆಷನ್ ಗೇಜ್. ಕ್ರ್ಯಾಂಕಿಗೆ ಸಿಕ್ಕಿಸುವ ಡಿಗ್ರಿ ಚಕ್ರ (ಪ್ಲಾಸ್ಟಿಕ್ ಕೋನಮಾಪಕವೂ ಆಗುತ್ತದೆ). ಮೆಡಿಕಲ್ ಶಾಪಿನಿಂದ 20 ಮಿಲಿ ಸಿರಿಂಜ್, ಅಂಗೈ ಅಗಲದ ದಪ್ಪ ಅಕ್ರಿಲಿಕ್ ತುಂಡು, ಮಕ್ಕಳು ಆಡುವ ಪ್ಲಾಸ್ಟಿಸಿನ್ ಮಣ್ಣು. ಕೊನೆಯ ಹಂತಕ್ಕೆ ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಗಾಳಿ-ಪೆಟ್ರೋಲಿನ ಪ್ರಮಾಣ ಹೇಳುವ ಸಾಧನ ಅದು. ಕೊಳ್ಳಬೇಕಂತಿಲ್ಲ, ಟ್ಯೂನಿಂಗ್ ಮಾಡುವವರ ಹತ್ತಿರ ಇರುತ್ತದೆ.

ಬೋರ್ ಮತ್ತು ಹೋನಿಂಗ್ ಕೆಲಸ, ಬ್ಲಾಕ್ (ಸಿಲಿಂಡರುಗಳಿರುವ ಕೆಳಭಾಗ) ಮತ್ತು ಹೆಡ್ (ಅದರ ಮೇಲೆ ಕೂರುವ, ವಾಲ್ವುಗಳಿರುವ ಭಾಗ) ಎರಡರ ಮೈ ಸಮ ಮಾಡುವ ಕೆಲಸ, ವಾಲ್ವ್ ಸೀಟ್ ಕತ್ತರಿಸುವ ಕೆಲಸ ಮಷಿನ್ ಶಾಪಿನವರದು. ಅಳತೆ ಮಾತ್ರ ನಿಮ್ಮದೇ ಇರಲಿ.

ಹಂತ 1: ಬಿಚ್ಚುವ ಮೊದಲು ಅಳೆಯಿರಿ

ಎಂಜಿನ್ ಇಳಿಸುವ ಆತುರ ಬೇಡ. ಮೊದಲು ಟೈರ್ ನೋಡಿ. ಜಿಪ್ಸಿ ಕಿಂಗ್‌ಗೆ ಕಂಪನಿ ಕೊಟ್ಟದ್ದು 205/70 ಆರ್15. ಅದರ ಎತ್ತರ 668 ಮಿಮೀ. ತುಂಬಾ ಜನ ಚಂದಕ್ಕೆ 235/75 ಆರ್15 ಹಾಕಿಸಿರುತ್ತಾರೆ. ಅದರ ಎತ್ತರ 733 ಮಿಮೀ. ಟೈರ್ ದೊಡ್ಡದಾದಷ್ಟೂ ನೆಲದ ಮೇಲೆ ಸಿಗುವ ಎಳೆತ ಇಳಿಯುತ್ತದೆ. ಇಲ್ಲಿ ಸುಮಾರು 9 ಪರ್ಸೆಂಟ್ ಹೋಯಿತು. ಈ ಲೇಖನದಲ್ಲಿ ಹೇಳಿರುವ ಎಲ್ಲ ಕೆಲಸ ಮಾಡಿದರೂ ಸಿಗುವುದು ಹೆಚ್ಚುಕಡಿಮೆ ಅಷ್ಟೇ! ಹಾಗಾಗಿ ಟೈರ್ ದೊಡ್ಡದಿದ್ದರೆ ಮೊದಲು ಹಳೆಯ ಅಳತೆ ಹಾಕಿ ಒಂದು ವಾರ ಓಡಿಸಿ ನೋಡಿ. ಕೆಲವರಿಗೆ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಆಮೇಲೆ ಸಣ್ಣಪುಟ್ಟ ಕಳ್ಳರನ್ನು ಹುಡುಕಿ. ಗಾಡಿ ಜಾಕ್ ಮೇಲಿಟ್ಟು ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿ, ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ಕ್ಲಚ್ ಜಾರುತ್ತಿದೆಯಾ, ಏರ್ ಫಿಲ್ಟರ್ ಕಟ್ಟಿದೆಯಾ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಥ್ರಾಟಲ್ (ಗಾಳಿಯ ದಾರಿ ತೆರೆಯುವ ತಟ್ಟೆ) ನಿಜವಾಗಿ ಪೂರ್ತಿ ತೆರೆಯುತ್ತಿದೆಯಾ ನೋಡಿ. ಕೊನೆಯದನ್ನು ಯಾರೂ ನೋಡುವುದಿಲ್ಲ. ಕೇಬಲ್ ಸಡಿಲವಾಗಿ ಮುಕ್ಕಾಲು ಭಾಗ ಮಾತ್ರ ತೆರೆಯುತ್ತಿದ್ದ ಗಾಡಿಗಳನ್ನು ನಾನೇ ಕಂಡಿದ್ದೇನೆ.

ಎಲ್ಲ ಸರಿ ಇದ್ದರೆ ಮೂರು ಅಂಕಿ ಬರೆದಿಡಿ. ಒಂದು, ನಾಲ್ಕೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೆ ಬಂದಾಗ ಒಳಗೆ ಏರುವ ಒತ್ತಡ. ಎಂಜಿನ್ ಬಿಸಿಯಿರಬೇಕು, ಪ್ಲಗ್ಗು ನಾಲ್ಕೂ ಬಿಚ್ಚಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಎರಡು, ಪ್ರತಿ ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅದೇ ಪರೀಕ್ಷೆ. ಆಯಿಲ್ ಹಾಕಿದ ಮೇಲೆ ಅಂಕಿ ಚೆನ್ನಾಗಿ ಏರಿದರೆ ಸೋರುತ್ತಿರುವುದು ರಿಂಗ್ (ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವಿನ ಬಳೆ) ಕಡೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಹಾಳೆ). ಮೂರು, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 30ರಿಂದ 60 ಕಿಮೀ ವೇಗಕ್ಕೆ ಎಷ್ಟು ಸೆಕೆಂಡು. ಹೋಗುತ್ತಾ ಮೂರು ಸಲ, ಬರುತ್ತಾ ಮೂರು ಸಲ, ಸರಾಸರಿ ತೆಗೆಯಿರಿ. ವೇಗ ನೋಡಲು ಮೊಬೈಲಿನ ಜಿಪಿಎಸ್ ಬಳಸಿ. ಪಕ್ಕದಲ್ಲಿ ಒಬ್ಬರು ಕೂತು ಸಮಯ ನೋಡಲಿ. ಈ ಮೂರನೇ ಅಂಕಿ ಇಲ್ಲದಿದ್ದರೆ ಕೊನೆಯಲ್ಲಿ “ಪಿಕಪ್ ಬಂದ ಹಾಗಿದೆ” ಅನ್ನುವ ಭ್ರಮೆಯೊಂದೇ ಉಳಿಯುತ್ತದೆ.

ಹಂತ 2: ಬೋರ್, ಪಿಸ್ಟನ್, ರಿಂಗ್

ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಪ್ರತಿ ಜಾಗದಲ್ಲೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ. ಸವೆತ ಮ್ಯಾನ್ಯುಯಲ್ಲಿನ ಮಿತಿಯೊಳಗಿದ್ದರೆ ಬರೀ ಹೋನಿಂಗ್ ಸಾಕು. ಹೋನಿಂಗ್ ಅಂದರೆ ಸಿಲಿಂಡರ್ ಗೋಡೆಗೆ ಆಯಿಲ್ ಹಿಡಿದುಕೊಳ್ಳುವ ಸಣ್ಣ ಸಣ್ಣ ಅಡ್ಡಗೀರು ಹಾಕುವುದು. ಮಿತಿ ದಾಟಿದ್ದರೆ ಬೋರ್ ಅಗಲ ಮಾಡಿಸಿ ಓವರ್‌ಸೈಜ್, ಅಂದರೆ ಸ್ವಲ್ಪ ದೊಡ್ಡ ಪಿಸ್ಟನ್ ಹಾಕಬೇಕು. 0.5 ಮಿಮೀ ಓವರ್‌ಸೈಜ್ ಹಾಕಿದರೆ 1298 ಹೋಗಿ 1316 ಸಿಸಿ ಆಗುತ್ತದೆ. ಒಂದೂವರೆ ಪರ್ಸೆಂಟೂ ಇಲ್ಲ. ಅದು ರಿಪೇರಿ, ಎಳೆತ ಹೆಚ್ಚಿಸುವ ಉಪಾಯ ಅಲ್ಲ.

ಹೋನಿಂಗ್ ಮಾಡುವಾಗ ಹೆಡ್ ಬಿಗಿದಷ್ಟೇ ಬಿಗಿಯಾಗಿ ದಪ್ಪ ಲೋಹದ ಪ್ಲೇಟ್ ಬಿಗಿಯಲು ಹೇಳಿ. ಇದನ್ನು ಟಾರ್ಕ್ ಪ್ಲೇಟ್ ಅನ್ನುತ್ತಾರೆ. ಈ ಎಂಜಿನ್ನಿನ ಬ್ಲಾಕ್ ಅಲ್ಯುಮಿನಿಯಂ. ಬೋಲ್ಟ್ ಬಿಗಿದಾಗ ಬೋರ್ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಆ ಸೊಟ್ಟ ಇಟ್ಟುಕೊಂಡೇ ದುಂಡಗೆ ಮಾಡಿದರೆ ಓಡುವಾಗ ಬೋರ್ ದುಂಡಗಿರುತ್ತದೆ. ಪ್ಲೇಟ್ ಎಲ್ಲ ಶಾಪಿನಲ್ಲೂ ಇರುವುದಿಲ್ಲ. ಇರುವ ಶಾಪಿಗೆ ನೂರು ಕಿಲೋಮೀಟರ್ ಹೋಗಬೇಕಾದರೂ ಹೋಗಿ.

ರಿಂಗಿನ ತುದಿಗಳ ನಡುವಿನ ಸಂದು ನೋಡುವುದು ಸುಲಭ. ರಿಂಗನ್ನು ಬೋರಿನೊಳಗೆ ಇಡಿ. ಪಿಸ್ಟನ್ ತಲೆಕೆಳಗು ಮಾಡಿ ಅದರಿಂದ ರಿಂಗನ್ನು ನೇರವಾಗಿ ಒಂದು ಇಂಚು ಒಳಗೆ ತಳ್ಳಿ. ಫೀಲರ್ ಗೇಜ್ ತೂರಿಸಿ. ಮೇಲಿನ ರಿಂಗಿಗೆ 0.25ರಿಂದ 0.30 ಮಿಮೀ ಇರಲಿ. ಇದಕ್ಕಿಂತ ತೀರಾ ಕಡಿಮೆ ಮಾಡಬೇಡಿ. ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ಮುಟ್ಟಿದರೆ ರಿಂಗ್ ಮುರಿಯುತ್ತದೆ, ಬೋರ್ ಗೀಚುತ್ತದೆ.

ನಾಲ್ಕೂ ಪಿಸ್ಟನ್ನಿನ ತೂಕ ಒಂದು ಗ್ರಾಮಿನೊಳಗೆ ಸಮ ಇರಲಿ. ಬೇರಿಂಗ್ ಸಂದು ಮ್ಯಾನ್ಯುಯಲ್ ಹೇಳಿದಷ್ಟೇ ಇರಲಿ. ಇದರಲ್ಲಿ ಜಾಣತನ ತೋರಿಸುವ ಜಾಗ ಇಲ್ಲ. ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ದಪ್ಪ ಆಯಿಲ್ ಹಾಕಿದರೆ ಎಂಜಿನ್ ಬಾಳಿಕೆ ಬರುತ್ತದೆ ಅಂತ ಕೆಲವರು ಹಾಕುತ್ತಾರೆ. ಸಂದು ಸರಿಯಿರುವ ಎಂಜಿನ್ನಿಗೆ ಅದು ಸುಮ್ನೆ ಭಾರ.

ಹಂತ 3: ಕಂಪ್ರೆಷನ್, ಮತ್ತು ಅದಕ್ಕಿಂತ ಮುಖ್ಯವಾದ ಸ್ಕ್ವಿಶ್

ಕಂಪ್ರೆಷನ್ ರೇಶಿಯೋ ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಜಾಗವನ್ನು ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗದಿಂದ ಭಾಗಿಸಿದ್ದು. ಪುಸ್ತಕದಲ್ಲಿ ಇರುವ ಅಂಕಿ ನಂಬಬೇಡಿ, ನಿಮ್ಮ ಎಂಜಿನ್ನನ್ನೇ ಅಳೆಯಿರಿ. ಹೆಡ್ ಅಂಗಾತ ಇಟ್ಟು, ವಾಲ್ವ್ ಮತ್ತು ಪ್ಲಗ್ ಹಾಕಿ, ಅಂಚಿಗೆ ತೆಳ್ಳಗೆ ಗ್ರೀಸ್ ಹಚ್ಚಿ, ರಂಧ್ರವಿರುವ ಅಕ್ರಿಲಿಕ್ ತುಂಡು ಮುಚ್ಚಿ. ಸಿರಿಂಜಿನಿಂದ ಸೀಮೆಎಣ್ಣೆ ತುಂಬುತ್ತಾ ಹೋಗಿ. ಗಾಳಿಗುಳ್ಳೆ ಪೂರ್ತಿ ಹೋದಾಗ ಎಷ್ಟು ಹಿಡಿಯಿತು ಬರೆದುಕೊಳ್ಳಿ. ಇದಕ್ಕೆ ಗ್ಯಾಸ್ಕೆಟ್ಟಿನ ಜಾಗ, ಪಿಸ್ಟನ್ ಮೇಲೆ ಉಳಿದ ಜಾಗ, ಪಿಸ್ಟನ್ ತಲೆಯ ತಗ್ಗು ಕೂಡಿಸಿ.

ಲೆಕ್ಕ ಹೀಗೆ. ಒಂದು ಸಿಲಿಂಡರಿನ ಸಿಸಿ 324.7. ಮೇಲೆ ಉಳಿಯುವ ಜಾಗ ಒಟ್ಟು 40.6 ಸಿಸಿ ಬಂತು ಅಂದುಕೊಳ್ಳಿ. 324.7ನ್ನು 40.6ರಿಂದ ಭಾಗಿಸಿ ಒಂದು ಕೂಡಿಸಿದರೆ 9. ಅದರಲ್ಲಿ 2.4 ಸಿಸಿ ಕಡಿಮೆ ಮಾಡಿ 38.2ಕ್ಕೆ ತಂದರೆ 9.5. ಬ್ಲಾಕಿನ ಮೈಯಿಂದ 0.1 ಮಿಮೀ ತೆಗೆದರೆ 0.43 ಸಿಸಿ ಕಡಿಮೆಯಾಗುತ್ತದೆ.

ಈಗ ನಿಜ ಹೇಳುತ್ತೇನೆ. 9ರಿಂದ 9.5ಕ್ಕೆ ಏರಿಸಿದರೆ ಲೆಕ್ಕದ ಪ್ರಕಾರ ಸಿಗುವುದು ಒಂದೂವರೆಯಿಂದ ಎರಡು ಪರ್ಸೆಂಟ್ ಅಷ್ಟೇ. ಇದಕ್ಕಾಗಿ ಹೆಡ್ಡಿನ ಮೈಯಿಂದ ಒಂದು ಮಿಮೀ ತೆಗೆಸುವವರನ್ನು ಕಂಡರೆ ಬೇಜಾರಾಗುತ್ತದೆ. ನಿಜವಾದ ಲಾಭ ಇರುವುದು ಸ್ಕ್ವಿಶ್‌ನಲ್ಲಿ. ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿನ ಚಪ್ಪಟೆ ಭಾಗ ಹೆಡ್ಡಿನ ಚಪ್ಪಟೆ ಭಾಗದ ತೀರಾ ಹತ್ತಿರ ಬರುತ್ತದೆ. ಅಲ್ಲಿದ್ದ ಗಾಳಿ-ಪೆಟ್ರೋಲ್ ಹಿಂಡಿಕೊಂಡು ನಡುವಿನ ಪ್ಲಗ್ಗಿನ ಕಡೆ ಚಿಮ್ಮುತ್ತದೆ. ಎರಡು ಅಂಗೈ ಚಪ್ಪಾಳೆ ತಟ್ಟಿದಾಗ ನಡುವಿನ ಗಾಳಿ ಹೊರಗೆ ನುಗ್ಗುವುದಿಲ್ಲವೇ, ಹಾಗೆ. ಈ ಕಲಕುವಿಕೆಯಿಂದ ಉರಿ ಬೇಗ ಹರಡುತ್ತದೆ. ನಾಕಿಂಗ್ ಕಡಿಮೆಯಾಗುತ್ತದೆ. ನಾಕಿಂಗ್ ಅಂದರೆ ಉರಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುವುದು. ಏರಿನಲ್ಲಿ ಒಳಗೆ ಕಲ್ಲು ಅಲುಗಾಡಿಸಿದ ಸದ್ದು ಬರುತ್ತದಲ್ಲ, ಅದೇ.

ಈ ಸಂದು ಒಂದು ಮಿಮೀ ಇರಲಿ. ಒಂದೂವರೆ ಮಿಮೀ ದಾಟಿದರೆ ಚಪ್ಪಾಳೆ ತಟ್ಟುವುದೇ ಇಲ್ಲ, ಗಾಳಿ ಅಲ್ಲೇ ಸುಮ್ಮನೆ ಕೂತು ನಾಕಿಂಗಿಗೆ ಕಾರಣವಾಗುತ್ತದೆ. 0.8ಕ್ಕಿಂತ ಕಡಿಮೆ ಮಾಡಿದರೆ ಜೋರು ಓಡಿಸಿದಾಗ ಪಿಸ್ಟನ್ ಹೆಡ್ಡಿಗೆ ಬಡಿಯಬಹುದು.

ಇಲ್ಲಿ ತುಂಬಾ ಜನ ಎಡವುವುದು ಒಂದೇ ಕಡೆ. ಹೆಡ್ಡಿನ ಮೈ ತೆಗೆಸಿದರೆ ಸ್ಕ್ವಿಶ್ ಸಂದು ಕಡಿಮೆಯಾಗುವುದಿಲ್ಲ. ಹೆಡ್ಡಿನ ಚಪ್ಪಟೆ ಭಾಗ ಗ್ಯಾಸ್ಕೆಟ್ ಕೂರುವ ಮೈಯ ಮಟ್ಟದಲ್ಲೇ ಇರುತ್ತದೆ, ತೆಗೆದಾಗ ಎರಡೂ ಒಟ್ಟಿಗೆ ಇಳಿಯುತ್ತವೆ. ಕಡಿಮೆಯಾಗುವುದು ಹೆಡ್ಡಿನೊಳಗೆ ಮಿಶ್ರಣ ಉರಿಯುವ ಗುಳಿಯ ಆಳ ಮಾತ್ರ. ಸಂದು ಕಡಿಮೆ ಮಾಡಬೇಕಾದರೆ ಬ್ಲಾಕಿನ ಮೈ ತೆಗೆಸಬೇಕು ಅಥವಾ ತೆಳುವಾದ ಗ್ಯಾಸ್ಕೆಟ್ ಹಾಕಬೇಕು. ಹಾಗಾಗಿ ಮೊದಲು ಬ್ಲಾಕು, ಆಮೇಲೆ ಬೇಕಾದರೆ ಹೆಡ್ಡು. ಹೆಡ್ಡಿನಿಂದ ಅದು ನೇರವಾಗುವಷ್ಟು ಮಾತ್ರ ತೆಗೆಸಿ.

ಮೈ ತೆಗೆಸಿದ ಮೇಲೆ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ದೂರ ನೋಡಲೇಬೇಕು. ಪಿಸ್ಟನ್ ತಲೆಯ ಮೇಲೆ ಪ್ಲಾಸ್ಟಿಸಿನ್ ಮಣ್ಣು ಒತ್ತಿ. ಮೇಲೆ ಸ್ವಲ್ಪ ಎಣ್ಣೆ ಸವರಿ, ಇಲ್ಲದಿದ್ದರೆ ವಾಲ್ವಿಗೆ ಅಂಟಿಕೊಳ್ಳುತ್ತದೆ. ಹಳೆಯ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು, ವಾಲ್ವುಗಳನ್ನು ನಡೆಸುವ ಬೆಲ್ಟ್ ಕೂರಿಸಿ, ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಬಿಚ್ಚಿದಾಗ ಮಣ್ಣಿನ ಮೇಲೆ ವಾಲ್ವಿನ ಅಚ್ಚು ಬೆಲ್ಲದಚ್ಚಿನ ಹಾಗೆ ಮೂಡಿರುತ್ತದೆ. ಬ್ಲೇಡಿನಿಂದ ಅಡ್ಡ ಕತ್ತರಿಸಿ ತೆಳುವಾದ ಜಾಗ ವರ್ನಿಯರಿನಿಂದ ಅಳೆಯಿರಿ. ಹಳೆಯ ಗ್ಯಾಸ್ಕೆಟ್ಟಿಗೂ ಹೊಸದಕ್ಕೂ ದಪ್ಪದಲ್ಲಿ ವ್ಯತ್ಯಾಸ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇನ್‌ಟೇಕ್, ಅಂದರೆ ಗಾಳಿ ಬರುವ ಕಡೆ 1.5 ಮಿಮೀ, ಎಗ್ಸಾಸ್ಟ್, ಅಂದರೆ ಹೊಗೆ ಹೋಗುವ ಕಡೆ 2 ಮಿಮೀ ಇರಬೇಕು.

ಹಂತ 4: ಹೆಡ್ ಮತ್ತು ವಾಲ್ವ್

ನನ್ನನ್ನು ಕೇಳಿದರೆ ದುಡ್ಡು ಖರ್ಚು ಮಾಡಬೇಕಾದ ಜಾಗ ಇದೇ.

ಗಾಳಿ ಒಳಬರುವ ದಾರಿಯನ್ನು ಪೋರ್ಟ್ ಅನ್ನುತ್ತಾರೆ. “ಪೋರ್ಟ್ ದೊಡ್ಡದು ಮಾಡಿದರೆ ಗಾಳಿ ಜಾಸ್ತಿ ಬರುತ್ತೆ” ಅಂತ ಗ್ರೈಂಡರ್ ಹಿಡಿಯುವುದು ದೊಡ್ಡ ತಪ್ಪು. ಕೆಳಗಿನ ಆರ್‌ಪಿಎಂನಲ್ಲಿ ಪಿಸ್ಟನ್ ನಿಧಾನವಾಗಿ ಎಳೆಯುತ್ತದೆ. 3000ದಲ್ಲಿ ಜಿಪ್ಸಿಯ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಏಳೂವರೆ ಮೀಟರ್. 6000ದಲ್ಲಿ ಅದರ ಎರಡರಷ್ಟು. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟರೆ ನೀರು ದೂರ ಚಿಮ್ಮುತ್ತದಲ್ಲ? ಪೋರ್ಟ್ ಕಿರಿದಾಗಿದ್ದರೆ ಗಾಳಿಯೂ ಹಾಗೆಯೇ ವೇಗವಾಗಿ ನುಗ್ಗುತ್ತದೆ. ಆ ವೇಗದ ನೂಕಿನಿಂದ ಪಿಸ್ಟನ್ ಮೇಲೆ ತಿರುಗಿದ ಮೇಲೂ ಸ್ವಲ್ಪ ಗಾಳಿ ಒಳಗೆ ತುಂಬುತ್ತದೆ. ಪೋರ್ಟ್ ಅಗಲ ಮಾಡಿದರೆ ಆ ನೂಕೇ ಹೋಗುತ್ತದೆ. ಒಂದು ವರ್ಕ್‌ಶಾಪಿನಲ್ಲಿ ಹೀಗೆ ದೊಡ್ಡದು ಮಾಡಿ ಕನ್ನಡಿಯ ಹಾಗೆ ಪಾಲಿಶ್ ಹಾಕಿದ ಹೆಡ್ ನನ್ನ ಗಾಡಿಯಲ್ಲೇ ಒಂದು ಮಳೆಗಾಲ ಓಡಿತು. 5000ದ ಮೇಲೆ ಚೆನ್ನಾಗಿತ್ತು. ಚಾರ್ಮಾಡಿಯ ತಿರುವುಗಳಲ್ಲಿ ಎರಡನೇ ಗೇರಿನಿಂದ ಮೇಲೆ ಹಾಕಲಾಗಲಿಲ್ಲ. ಕೊನೆಗೆ ಬೇರೆ ಹೆಡ್ ಹುಡುಕಿ ತರಬೇಕಾಯಿತು. ತೆಗೆದ ಲೋಹ ಮತ್ತೆ ಬರುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಎರಕದ ಉಬ್ಬು, ಚೂಪು ಅಂಚು ಮಾತ್ರ ತೆಗೆಯಿರಿ. ಮ್ಯಾನಿಫೋಲ್ಡಿಗೂ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳ ಜೋಡಣೆ) ಹೆಡ್ಡಿಗೂ ಸೇರುವ ಕಡೆ ಮೆಟ್ಟಿಲು ಇರದಂತೆ ನೋಡಿ, ಗ್ಯಾಸ್ಕೆಟ್ ಒಳಕ್ಕೆ ಚಾಚದಂತೆ ಕತ್ತರಿಸಿ. ಇನ್‌ಟೇಕ್ ಗೋಡೆಗೆ ಪಾಲಿಶ್ ಬೇಡ, ಸ್ವಲ್ಪ ಒರಟಾಗಿರಲಿ.

ಹೆಚ್ಚು ಗಮನ ವಾಲ್ವ್ ಸೀಟಿಗೆ ಕೊಡಿ. ಸೀಟ್ ಅಂದರೆ ವಾಲ್ವ್ ಕೂರುವ ಉಂಗುರ. ಅದನ್ನು ಮೂರು ಕೋನದಲ್ಲಿ ಕತ್ತರಿಸಲು ಹೇಳಿ. ಕೂರುವ ಜಾಗ 45 ಡಿಗ್ರಿ, ಅದರ ಮೇಲೆ 30, ಕೆಳಗೆ 60. ಗಾಳಿ ಒಂದೇ ಚೂಪು ತಿರುವಿನ ಬದಲು ಮೂರು ಸಣ್ಣ ತಿರುವಲ್ಲಿ ಹೊರಳುತ್ತದೆ. ವಾಲ್ವ್ ಸ್ವಲ್ಪವೇ ತೆರೆದಾಗ, ಅಂದರೆ ಗಾಳಿಗೆ ದಾರಿ ತೀರಾ ಕಡಿಮೆ ಇರುವಾಗ, ಇದರ ಲಾಭ ಎದ್ದು ಕಾಣುತ್ತದೆ. ಕೂರುವ ಗೆರೆ ಸುಮಾರು 1.2 ಮಿಮೀ ಅಗಲ ಇರಲಿ. ಎಗ್ಸಾಸ್ಟ್ ಕಡೆ ಇನ್ನೂ ತೆಳು ಮಾಡುವ ಆಸೆ ಬೇಡ. ಆ ವಾಲ್ವಿನ ಬಿಸಿ ಸೀಟಿನ ಮೂಲಕವೇ ಇಳಿಯಬೇಕು.

ಕೆಲಸ ಸರಿಯಾಗಿದೆಯಾ ಅಂತ ನೀವೇ ಪರೀಕ್ಷಿಸಿ. ವಾಲ್ವ್, ಸ್ಪ್ರಿಂಗ್, ಪ್ಲಗ್ ಹಾಕಿದ ಹೆಡ್ಡನ್ನು ಅಂಗಾತ ಇಟ್ಟು ನಾಲ್ಕೂ ಗುಳಿಗೆ ಸೀಮೆಎಣ್ಣೆ ತುಂಬಿ. ಟಾರ್ಚ್ ಹಿಡಿದು ಪೋರ್ಟಿನೊಳಗೆ ನೋಡಿ. ಹತ್ತು ನಿಮಿಷವಾದರೂ ವಾಲ್ವಿನ ಹಿಂಭಾಗ ಒಣಗಿರಬೇಕು. ಒಂದು ಹನಿ ಮಿನುಗಿದರೂ ಅದನ್ನು ವಾಪಸ್ ಕೊಡಿ. “ಓಡ್ತಾ ಓಡ್ತಾ ಕೂತ್ಕೊಳ್ಳುತ್ತೆ” ಅಂದರೆ ಒಪ್ಪಬೇಡಿ. ಸೋರುವ ವಾಲ್ವ್ ಕೂರುವುದಿಲ್ಲ, ಸುಡುತ್ತದೆ.

ಹಂತ 5: ಕ್ಯಾಮ್

ಕ್ಯಾಮ್ ಅಂದರೆ ವಾಲ್ವ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅಂತ ತೀರ್ಮಾನಿಸುವ ಉಬ್ಬುಗಳಿರುವ ದಂಡ. ನೆನಪಿಡಬೇಕಾದ್ದು ಒಂದೇ ಕ್ಷಣ: ಇನ್‌ಟೇಕ್ ವಾಲ್ವ್ ಮುಚ್ಚುವ ಕ್ಷಣ. ಪಿಸ್ಟನ್ ಕೆಳಗೆ ಹೋಗಿ ಮೇಲೆ ತಿರುಗಿದ ಮೇಲೂ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಅದು ಒಳ್ಳೆಯದು. ಕೆಳಗಿನ ಆರ್‌ಪಿಎಂನಲ್ಲಿ ತುಂಬಿಕೊಂಡ ಗಾಳಿಯೇ ವಾಪಸ್ ಹೊರಗೆ ಹೋಗುತ್ತದೆ. ಹೋದ ಗಾಳಿ ಕಂಪ್ರೆಷನ್‌ಗೆ ಸಿಗುವುದಿಲ್ಲ.

ಹಾಗಾಗಿ ರ‍್ಯಾಲಿ ಗಾಡಿಯ ಕ್ಯಾಮ್ ತಂದು ಹಾಕಬೇಡಿ. ಅದು ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಕಂಪನಿಯ ಕ್ಯಾಮನ್ನೇ ಇಟ್ಟುಕೊಳ್ಳಿ, ಉಬ್ಬು ಸವೆದಿದೆಯಾ ಅಳೆಯಿರಿ. ಹೊಂದಿಸಬಹುದಾದ ಕ್ಯಾಮ್ ಪುಲ್ಲಿ ಮಾಡಿಸಿ, ಕ್ರ್ಯಾಂಕಿನ ಲೆಕ್ಕದಲ್ಲಿ 2ರಿಂದ 4 ಡಿಗ್ರಿ ಅಡ್ವಾನ್ಸ್ ಮಾಡಿ. ಅಂದರೆ ವಾಲ್ವ್ ಅಷ್ಟು ಬೇಗ ಮುಚ್ಚಲಿ. ಈ ಎಂಜಿನ್ನಿಗೆ ಒಂದೇ ಕ್ಯಾಮ್ ಇರುವುದರಿಂದ ಎಗ್ಸಾಸ್ಟ್ ಕೂಡ ಜೊತೆಗೇ ಸರಿಯುತ್ತದೆ, ಪರವಾಗಿಲ್ಲ. ಮೇಲಿನ ಕೊನೆಯಲ್ಲಿ ಸ್ವಲ್ಪ ಹೋಗುತ್ತದೆ, ಕೆಳಗೆ ಬರುತ್ತದೆ. ನಮಗೆ ಬೇಕಾದದ್ದೂ ಅದೇ ಅಲ್ವಾ?

ಎರಡು ಎಚ್ಚರಿಕೆ. ಬ್ಲಾಕು, ಹೆಡ್ಡಿನ ಮೈ ತೆಗೆಸಿದಾಗ ಕ್ಯಾಮ್ ಮತ್ತು ಕ್ರ್ಯಾಂಕ್ ಹತ್ತಿರವಾಗಿ ಟೈಮಿಂಗ್ ತಾನಾಗಿ ಸ್ವಲ್ಪ ರಿಟಾರ್ಡ್, ಅಂದರೆ ತಡ ಆಗಿರುತ್ತದೆ. ಡಿಗ್ರಿ ಚಕ್ರ ಹಾಕಿ ಅಳೆಯದೆ ಗುರುತು ನೋಡಿ ಕೂರಿಸಿದರೆ ಗೊತ್ತಾಗುವುದೇ ಇಲ್ಲ. ಇನ್ನೊಂದು, ಪುಲ್ಲಿ ಇಲ್ಲದೆ ಬೆಲ್ಟನ್ನು ಒಂದು ಹಲ್ಲು ಸರಿಸುವುದು. 720ನ್ನು ಕ್ಯಾಮ್ ಪುಲ್ಲಿಯ ಹಲ್ಲಿನ ಸಂಖ್ಯೆಯಿಂದ ಭಾಗಿಸಿ ನೋಡಿ. 40 ಹಲ್ಲಿದ್ದರೆ ಒಂದು ಹಲ್ಲಿಗೆ 18 ಡಿಗ್ರಿ! ಅದನ್ನು ಯಾವತ್ತೂ ಮಾಡಬೇಡಿ. ಅಡ್ವಾನ್ಸ್ ಮಾಡಿದ ಮೇಲೆ ಮಣ್ಣಿನ ಪರೀಕ್ಷೆ ಇನ್ನೊಮ್ಮೆ ಮಾಡಿ.

ಹಂತ 6: ಉಸಿರು ಒಳಗೆ, ಉಸಿರು ಹೊರಗೆ

ಇನ್‌ಟೇಕಿಗೆ ತಣ್ಣನೆಯ ಗಾಳಿ ಬೇಕು. ಗಾಳಿ 3 ಡಿಗ್ರಿ ತಣ್ಣಗಾದರೆ ಹೆಚ್ಚುಕಡಿಮೆ ಒಂದು ಪರ್ಸೆಂಟ್ ದಟ್ಟವಾಗುತ್ತದೆ. ಕಂಪನಿಯ ಫಿಲ್ಟರ್ ಡಬ್ಬ ಕಿತ್ತು ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಹಾಕಿದರೆ ಎಂಜಿನ್ ತನ್ನದೇ ಬಿಸಿ ಗಾಳಿ ಕುಡಿಯುತ್ತದೆ. ಸದ್ದು ಬದಲಾಗುತ್ತದೆ, ಎಳೆತ ಇಳಿಯುತ್ತದೆ. ಮೂಲ ಡಬ್ಬ, ಒಳ್ಳೆಯ ಫಿಲ್ಟರ್, ಹೊರಗಿನ ಗಾಳಿ ತರುವ ಕೊಳವೆ ಸಾಕು. ಹೊಳೆ ದಾಟುವ ಗಾಡಿಯಾದರೆ ಕೊಳವೆಯ ಬಾಯಿ ಎತ್ತರದಲ್ಲಿರಲಿ.

ಎಗ್ಸಾಸ್ಟಿಗೆ “ಬ್ಯಾಕ್ ಪ್ರೆಶರ್ ಬೇಕು” ಅನ್ನುವ ಮಾತು ಅರ್ಧ ಸತ್ಯ. ತಡೆ ಯಾವ ಎಂಜಿನ್ನಿಗೂ ಬೇಡ. ಬೇಕಾದದ್ದು ಹೊಗೆಯ ವೇಗ. ಅಗಲ ಪೈಪ್ ಹಾಕಿದಾಗ ವೇಗ ಇಳಿಯುತ್ತದೆ, ಜನ ಅದನ್ನು ಬ್ಯಾಕ್ ಪ್ರೆಶರ್ ಹೋಯಿತು ಅನ್ನುತ್ತಾರೆ. ಹೆಡರ್ (ಹೆಡ್ಡಿನಿಂದ ಹೊಗೆ ಹೊರತರುವ ಪೈಪುಗಳ ಜೋಡಣೆ) ಮಾಡಿಸುವುದಾದರೆ ನಾಲ್ಕು ಪೈಪ್ ಎರಡಾಗಿ, ಎರಡು ಒಂದಾಗುವ ತರದ್ದು ಮಾಡಿಸಿ. ಮೊದಲ ಪೈಪುಗಳ ಒಳ ಅಗಲ 30 ಮಿಮೀ ಆಸುಪಾಸು ಇರಲಿ. ದುಡ್ಡು ಸಾಲದಿದ್ದರೆ ಇದನ್ನು ಬಿಡಬಹುದು.

ಹಂತ 7: ಕಿಡಿ, ಮಿಶ್ರಣ ಮತ್ತು ಈಗಿನ ಪೆಟ್ರೋಲ್

ಈಗ ಬಂಕುಗಳಲ್ಲಿ ಸಿಗುತ್ತಿರುವುದು ಇ20, ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಕೆಜಿ ಬರೀ ಪೆಟ್ರೋಲ್ ಉರಿಯಲು 14.7 ಕೆಜಿ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅದೇ ಗಾಳಿಗೆ ಇಂಧನ ಜಾಸ್ತಿ ಹಾಕಬೇಕು ಅಂತಾಯಿತು. ಹಳೆಯ ಸೆಟ್ಟಿಂಗಿನಲ್ಲೇ ಓಡಿಸಿದರೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಇಂಧನ ಸಾಲುವುದಿಲ್ಲ. ಎಂಜಿನ್ ಈಗ ಮೊದಲಿಗಿಂತ ಚೆನ್ನಾಗಿ ಗಾಳಿ ತುಂಬಿಕೊಳ್ಳುತ್ತದೆ, ಹಾಗಾಗಿ ಇನ್ನೂ ಲೀನ್. ಕಾರ್ಬ್ಯುರೇಟರ್ ಇರುವ ಹಳೆಯ ಜಿಪ್ಸಿಗೆ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಡಿಭಾಗ) ಒಂದು ಅಳತೆ ಮೇಲಿನದು ಹಾಕಿ ನೋಡಬೇಕು. ಇಂಜೆಕ್ಷನ್ ಇರುವುದಕ್ಕೆ ಟ್ಯೂನಿಂಗ್ ಬೇಕಾಗಬಹುದು. ಎರಡಕ್ಕೂ ವೈಡ್‌ಬ್ಯಾಂಡ್ ಹಾಕಿ ಅಳೆಯಿರಿ, ಅಂಕಿಯನ್ನು ಲ್ಯಾಂಬ್ಡಾದಲ್ಲಿ ಓದಿ. ಲ್ಯಾಂಬ್ಡಾ 1 ಅಂದರೆ ಗಾಳಿಗೆ ಸರಿಯಾದಷ್ಟು ಇಂಧನ, ಅದು ಯಾವ ಪೆಟ್ರೋಲಾದರೂ ಸರಿ. ಥ್ರಾಟಲ್ ಪೂರ್ತಿ ತೆರೆದಾಗ 0.87ರಿಂದ 0.90 ಇರಲಿ. ನಿಧಾನಕ್ಕೆ ಓಡುವಾಗ 1ರ ಹತ್ತಿರ. ಹಳೆಯ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಇದನ್ನು ಬಿಟ್ಟುಬಿಟ್ಟರೆ ಪೈಪ್ ಬಿರಿದು ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುತ್ತದೆ. ಬೆಂಕಿ ಹತ್ತಲು ಅಷ್ಟು ಸಾಕು.

ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ. ಜಾಸ್ತಿ ಅಡ್ವಾನ್ಸ್ ಮಾಡಿದಷ್ಟೂ ಎಳೆತ ಅಲ್ಲ. ಎಳೆತ ಏರುವುದು ಯಾವಾಗ ನಿಲ್ಲುತ್ತದೋ ಅಲ್ಲಿಗೆ ನಿಲ್ಲಿಸಿ. ಮ್ಯಾನ್ಯುಯಲ್ ಹೇಳಿದ ಜಾಗದಿಂದ ಶುರು ಮಾಡಿ, ಒಂದೊಂದೇ ಡಿಗ್ರಿ ಸರಿಸಿ, ಹಂತ 1ರ ಅದೇ 30-60 ಪರೀಕ್ಷೆ ಮಾಡಿ. ಸಮಯ ಇಳಿಯುವುದು ನಿಂತಾಗ ಒಂದು ಡಿಗ್ರಿ ವಾಪಸ್ ಬನ್ನಿ. ಸ್ಕ್ವಿಶ್ ಸರಿ ಮಾಡಿದ ಎಂಜಿನ್ನಿನಲ್ಲಿ ಉರಿ ಬೇಗ ಹರಡುವುದರಿಂದ ಮೊದಲಿಗಿಂತ ಕಡಿಮೆ ಅಡ್ವಾನ್ಸ್ ಸಾಕಾಗಬಹುದು. ಹಾಗಾದರೆ ಗಾಬರಿ ಬೇಡ, ಅದು ಒಳ್ಳೆಯ ಲಕ್ಷಣ. ನಾಕಿಂಗ್ ಸದ್ದು ಕೇಳಿದರೆ ತಕ್ಷಣ ಕಾಲು ತೆಗೆಯಿರಿ. ತುಂಬಿದ ಗಾಡಿಯಲ್ಲಿ, ಬಿಸಿಲಿನಲ್ಲಿ, ಏರಿನಲ್ಲಿ ಒಮ್ಮೆ ಓಡಿಸಿ ನೋಡದೆ ಟೈಮಿಂಗ್ ಆಯಿತು ಅನ್ನಬೇಡಿ.

ಹಂತ 8: ಪಳಗಿಸುವುದು, ಮತ್ತೆ ಅಳೆಯುವುದು

(ಎಂಜಿನ್ ಓಡುವುದು ಇಲ್ಲೇ ಮೊದಲು, ಹಾಗಾಗಿ ಹಂತ 7ರ ಸೂಕ್ಷ್ಮ ಹೊಂದಾಣಿಕೆಯನ್ನು ಪಳಗಿಸಿದ ಮೇಲೆ ಮಾಡಿ. ಅಲ್ಲಿಯವರೆಗೆ ಟೈಮಿಂಗ್ ಮ್ಯಾನ್ಯುಯಲ್ ಹೇಳಿದಲ್ಲೇ ಇರಲಿ, ಮಿಶ್ರಣ ಲೀನ್ ಇರದಿರಲಿ.)

ಹೊಸ ಎಂಜಿನ್ ಸ್ಟಾರ್ಟ್ ಮಾಡಿ ಗಂಟೆಗಟ್ಟಲೆ ಐಡಲಿನಲ್ಲಿ ಬಿಡುವ ಅಭ್ಯಾಸ ಒಳ್ಳೆಯದಲ್ಲ. ರಿಂಗ್ ಗೋಡೆಗೆ ಒತ್ತಿ ಕೂರಬೇಕಾದರೆ ಒತ್ತಡ ಬೇಕು. ಬಿಸಿಯಾದ ಕೂಡಲೇ ರಸ್ತೆಗೆ ತನ್ನಿ. ಅರ್ಧ ಥ್ರಾಟಲಿನಲ್ಲಿ ಎಳೆಸಿ, ಕಾಲು ಬಿಟ್ಟು ಗೇರಿನಲ್ಲೇ ನಿಧಾನವಾಗಲು ಬಿಡಿ. ಹೀಗೆ ಹತ್ತಿಪ್ಪತ್ತು ಸಲ. 100 ಕಿಮೀಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ತೆಗೆದ ಫಿಲ್ಟರ್ ಕತ್ತರಿಸಿ ಮಡಿಕೆಯೊಳಗೆ ಲೋಹದ ಚೂರು ಇದೆಯಾ ನೋಡಿ. ಬೂದಿಯಂಥ ಪುಡಿ ಸಹಜ, ಹೊಳೆಯುವ ಚೂರು ಸಹಜವಲ್ಲ. 1000 ಕಿಮೀವರೆಗೆ 4000 ಆರ್‌ಪಿಎಂ ದಾಟಿಸಬೇಡಿ.

ಆಮೇಲೆ ಹಂತ 1ರ ಮೂರೂ ಅಂಕಿ ಮತ್ತೆ ತೆಗೆಯಿರಿ. ಅದೇ ರಸ್ತೆ, ಅದೇ ಟೈರ್ ಗಾಳಿ, ಅಷ್ಟೇ ಜನ. ಡೈನೊ, ಅಂದರೆ ಚಕ್ರದ ಬಲ ಅಳೆಯುವ ಯಂತ್ರದಲ್ಲಿ ನೋಡುವುದಾದರೆ ಎತ್ತರ ಮರೆಯಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿನ ಗಾಳಿ ಮಂಗಳೂರಿಗಿಂತ ಎಂಟೊಂಬತ್ತು ಪರ್ಸೆಂಟ್ ತೆಳು. ಎಂಜಿನ್ನಿನ ಟಾರ್ಕ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಇನ್ನೂ ಜಾಸ್ತಿ. ಮಂಗಳೂರಿನ ಗೆಳೆಯನ ಅಂಕಿಗೂ ನಿಮ್ಮದಕ್ಕೂ ಹೋಲಿಸಿ ಬೇಸರ ಮಾಡಿಕೊಳ್ಳಬೇಡಿ. ಒಂದೇ ಊರಿನಲ್ಲಿ, ಒಂದೇ ಯಂತ್ರದಲ್ಲಿ, ಮೊದಲು ಮತ್ತು ಆಮೇಲೆ ತೆಗೆದ ಅಂಕಿ ಮಾತ್ರ ಹೋಲಿಸಬಹುದು. ಕೆಲವು ಯಂತ್ರಗಳು ಎತ್ತರದ ತಿದ್ದುಪಡಿ ತಾವೇ ಹಾಕುತ್ತವೆ, ಹಾಕಿದೆಯೋ ಇಲ್ಲವೋ ಕೇಳಿ ಬರೆದುಕೊಳ್ಳಿ. ಚಕ್ರದಲ್ಲಿ ಅಳೆದ ಅಂಕಿ ಕಂಪನಿ ಹೇಳುವ 103ಕ್ಕಿಂತ ಕಡಿಮೆಯೇ ಬರುತ್ತದೆ, ಗೇರ್‌ಬಾಕ್ಸ್ ಮತ್ತು ಆಕ್ಸಲ್ ತಮ್ಮ ಪಾಲು ತಿಂದಿರುತ್ತವೆ.

ಅದೇ ದಿನ ಎಂಜಿನ್ ತಣ್ಣಗಾದ ಮೇಲೆ ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ಇನ್ನೊಮ್ಮೆ ನೋಡಿ. ಹೊಸ ಸೀಟುಗಳು ಮೊದಲ ಸಾವಿರ ಕಿಲೋಮೀಟರಿನಲ್ಲಿ ಸ್ವಲ್ಪ ಇಳಿಯುತ್ತವೆ, ಸಂದು ಬಿಗಿಯಾಗುತ್ತದೆ. ಬಿಗಿಯಾದ ಸಂದಿನಲ್ಲಿ ವಾಲ್ವ್ ಪೂರ್ತಿ ಮುಚ್ಚದೆ ನಾಲ್ಕನೇ ಹಂತದ ಕೆಲಸವೆಲ್ಲ ಹಾಳಾಗಬಹುದು. ಫೀಲರ್ ಗೇಜ್ ತೆಗೆದುಕೊಂಡು ಅರ್ಧ ಗಂಟೆ ಕೂತರೆ ಸಾಕು.